ಹಡಗಿಗೆ ಮೊದಲು ಒಂದು ರಾತ್ರಿಯ ಬಿಡಾರ

ಸಕಲೇಶಪುರದ ಕಡೆಯ ಕೆ. ಹೊಸಕೋಟೆಯಲ್ಲಿ ಗೊಬ್ಬರದ ಅಂಗಡಿ ನಡೆಸುವ ವಿಶಾಲಮ್ಮನಿಗೆ ಕಳೆದ ಜನವರಿಯಲ್ಲಿ ಕಂಪನಿಯವರು ಹಡಗಿನ ಪ್ರವಾಸ ಕೊಟ್ಟರು. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಗೊಬ್ಬರದ ಕಂಪನಿಗಳು ವರ್ಷಕ್ಕೊಮ್ಮೆ ಎಲ್ಲಿಗಾದರೂ ಕರೆದುಕೊಂಡು ಹೋಗುವುದು ನಮ್ಮ ಕಡೆ ಹೊಸದಲ್ಲ. ಗೋವಾ ಆಗಿದೆ, ಬ್ಯಾಂಕಾಕ್ ಆಗಿದೆ. ಹೋಗಿ ಬಂದ ಗಂಡಸರು ಅಲ್ಲಿ ಏನು ನೋಡಿದರೆಂದು ಮನೆಯಲ್ಲಿ ಪೂರ್ತಿ ಹೇಳುವುದಿಲ್ಲ. ಈ ಸಲದ್ದು ಕೊಚ್ಚಿಯಿಂದ ಹೊರಟು ಲಕ್ಷದ್ವೀಪದ ಕಡೆ ಹೋಗಿ ಮೂರನೆಯ ದಿನ ಹಿಂದಿರುಗುವ ದೊಡ್ಡ ಹಡಗು. ಅಂಗಡಿಗೆ ಎರಡು ಟಿಕೆಟ್. ಕೊಚ್ಚಿಗೆ ಬಂದು ಸೇರುವುದು ಮತ್ತು ಹಿಂದಿನ ರಾತ್ರಿ ಎಲ್ಲಾದರೂ ಉಳಿದುಕೊಳ್ಳುವುದು ಅವರವರಿಗೆ ಬಿಟ್ಟದ್ದು.

ಗಂಡ ತೀರಿಕೊಂಡಾಗ ಅಂಗಡಿ ಮುಚ್ಚಿಬಿಡು ಎಂದು ಎಲ್ಲರೂ ಹೇಳಿದರೂ ಮುಚ್ಚದೆ ಉಳಿಸಿಕೊಂಡವಳು ವಿಶಾಲಮ್ಮ. ನನ್ನ ನಾಲ್ಕು ಎಕರೆ ಕಾಫಿಗೆ ಬೇಕಾದ್ದನ್ನು ನಾನು ಅವಳಲ್ಲೇ ಕೊಳ್ಳುತ್ತೇನೆ. ಮಣ್ಣು ಪರೀಕ್ಷೆ ಮಾಡಿಸದೆ ಬಂದು ಇಷ್ಟು ಮೂಟೆ ಕೊಡು ಎನ್ನುವವರನ್ನು ಆಕೆ ಬೈದು ಕಳಿಸುವುದನ್ನು ಕಂಡಿದ್ದೇನೆ. ವ್ಯಾಪಾರದಲ್ಲಿ ಇಷ್ಟು ಗಟ್ಟಿಯಾದ ಹೆಂಗಸು ಉಳಿದೆಲ್ಲ ವಿಷಯದಲ್ಲಿ ಹೆದರುಪುಕ್ಕಲಿ. ಸಂಜೆ ಅಂಗಡಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಮತ್ತೆ ಹಿಂದಿರುಗಿ ಬೀಗ ಎಳೆದು ನೋಡುತ್ತಾಳೆ. ಅಂಥವಳಿಗೆ ಹಡಗು ಎಂದರೆ ಸಂತೋಷಕ್ಕಿಂತ ಮೊದಲು ದಿಗಿಲು. ಆದರೆ ಹೋಗಬೇಕೆಂಬ ಆಸೆಯೂ ಇತ್ತು. ನಮ್ಮ ಜಿಲ್ಲೆಯ ಪಟ್ಟಿಯಲ್ಲಿದ್ದ ಅಂಗಡಿಯವರಲ್ಲಿ ಹೆಂಗಸು ಅವಳೊಬ್ಬಳೇ.

ಎರಡನೆಯ ಟಿಕೆಟ್ಟಿಗೆ ಮಗಳು ಆಶಾಳನ್ನು ಕರೆದಳು. ಶಿವಮೊಗ್ಗದಲ್ಲಿ ಶಾಲೆಯ ಟೀಚರಾಗಿರುವ ಆಶಾಳಿಗೆ ರಜೆ ಸಿಗಲಿಲ್ಲ. ವಿಶಾಲಮ್ಮ ಫೋನಿಟ್ಟು ಕೂತಿದ್ದಾಗ, ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಚಿನ್ನಮ್ಮ ತಲೆ ಎತ್ತದೆ ಹೇಳಿದರು.

“ನಾ ಬತ್ತೀನಿ ಕಣೆ.”

“ಎಲ್ಲಿಗೆ ಅತ್ತೆ?”

“ಇನ್ನೆಲ್ಲಿಗೆ? ಹಡಗಿಗೆ. ಟಿಕೆಟ್ ಐತೆ ಅಂತೀಯಲ್ಲ, ಅದನ್ನೇನು ಗಿಡದ ಬುಡಕ್ಕೆ ಹಾಕ್ತೀಯಾ?”

ಚಿನ್ನಮ್ಮನವರಿಗೆ ಆಗ ಎಪ್ಪತ್ತೆಂಟು. ಧರ್ಮಸ್ಥಳಕ್ಕೆ ಹೋದಾಗ ಒಮ್ಮೆ ಮಂಗಳೂರಿಗೆ ಹೋಗಿ ಸಮುದ್ರವನ್ನು ದಡದಿಂದ ನೋಡಿದ್ದರು. ನಡುನೀರಲ್ಲಿ ನಿಂತು ನಾಲ್ಕು ದಿಕ್ಕಿಗೆ ತಿರುಗಿದರೂ ಭೂಮಿ ಕಾಣಿಸದು ಎಂದು ಯಾರೋ ಹೇಳಿದ್ದನ್ನು ಅವರು ನಂಬಿರಲಿಲ್ಲ. ಅದನ್ನು ಸ್ವತಃ ನೋಡಿ ತೀರ್ಮಾನಿಸಬೇಕಿತ್ತು.

ತೊಡಕು ಬೇರೆ ಇತ್ತು. ಎಂಟನೆಯ ವಯಸ್ಸಿನಲ್ಲಿ ಲಿಂಗದೀಕ್ಷೆಯಾದ ದಿನದಿಂದ ಚಿನ್ನಮ್ಮ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಎದೆಯ ಮೇಲೆ ಧರಿಸಿದ್ದಾರೆ. ಬೆಳಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮುಗಿಸುವವರೆಗೆ ಬಾಯಿಗೆ ಹನಿ ನೀರನ್ನೂ ಹಾಕುವುದಿಲ್ಲ. ಹಳೆಯ ವೀರಶೈವ ಮನೆಗಳಲ್ಲಿ ಇದು ಅಪರೂಪವಲ್ಲ. ಈ ನಿಷ್ಠೆಯ ಜೊತೆಗೆ ಸಕ್ಕರೆ ಕಾಯಿಲೆಯೂ ಸೇರಿಕೊಂಡದ್ದು ಅಪಾಯ. ರಾತ್ರಿ ತೆಗೆದುಕೊಂಡ ಮಾತ್ರೆ ಬೆಳಗಿನ ಹೊತ್ತಿಗೆ ರಕ್ತದ ಸಕ್ಕರೆಯನ್ನು ತೀರ ಇಳಿಸಿಬಿಡುತ್ತಿತ್ತು. ಬೆಳಗ್ಗೆ ಏಳರ ನಂತರ ಬರಿಹೊಟ್ಟೆಯಲ್ಲಿ ಇರಕೂಡದು ಎಂದು ಸಕಲೇಶಪುರದ ಡಾಕ್ಟರು ಖಡಾಖಂಡಿತ ಹೇಳಿದ್ದರು.

ಹಿಂದಿನ ಕಾರ್ತಿಕದಲ್ಲಿ ಅದು ಏನೆಂದು ವಿಶಾಲಮ್ಮ ಕಣ್ಣಾರೆ ಕಂಡಿದ್ದಳು. ಅಂದು ಬಾವಿಯ ಮೋಟಾರು ಕೆಟ್ಟು ನೀರು ಬರುವುದು ತಡವಾಯಿತು. ಕೊಡದಲ್ಲಿದ್ದ ನಿನ್ನೆಯ ನೀರು ಪೂಜೆಗೆ ಆಗದೆಂದು ಚಿನ್ನಮ್ಮ ಕಾದರು. ನೀರು ಬಂದು ಸ್ನಾನ ಮುಗಿಸಿ ಕೋಣೆಯ ಬಾಗಿಲು ಹಾಕಿಕೊಂಡವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಪೂಜೆಯ ಬಾಗಿಲು ತಟ್ಟುವ ಪದ್ಧತಿ ಆ ಮನೆಯಲ್ಲಿಲ್ಲ. ವಿಶಾಲಮ್ಮ ಹೊರಗೆ ಕಾದಳು. ಕೊನೆಗೆ ತಳ್ಳಿ ನೋಡಿದಾಗ ಅತ್ತೆ ಗೋಡೆಗೆ ಒರಗಿ, ಬೆವರಿನಲ್ಲಿ ನೆಂದು, ಲಿಂಗವಿದ್ದ ಕೈಯನ್ನು ಮಾತ್ರ ಬಿಗಿಯಾಗಿ ಮುಚ್ಚಿಕೊಂಡು ಪ್ರಜ್ಞೆ ತಪ್ಪಿದ್ದರು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಎಚ್ಚರವಾಯಿತು. “ಸದ್ಯ, ಕೈ ನರಕ್ಕೆ ಹಾಕಿದ್ರು. ಬಾಯಿಗೆ ಏನೂ ಬಿದ್ದಿಲ್ವಲ್ಲ” ಎಂದು ಚಿನ್ನಮ್ಮ ನಕ್ಕರು. ವಿಶಾಲಮ್ಮ ನಗಲಿಲ್ಲ.

ಇಂಥ ನಿಷ್ಠೆಯನ್ನು ಮೆಚ್ಚುವವಳು ನಾನಲ್ಲ. ಆದರೆ ಎಪ್ಪತ್ತು ವರ್ಷ ನಡೆದುಬಂದದ್ದನ್ನು ವಾದದಿಂದ ಬಿಡಿಸಬಹುದು ಎಂಬ ಭ್ರಮೆಯೂ ನನಗಿಲ್ಲ. ವಿಶಾಲಮ್ಮನಿಗೂ ಇರಲಿಲ್ಲ. ಹಾಗಾಗಿ ಕೊಚ್ಚಿಯಲ್ಲಿ ಎಲ್ಲಿ ಉಳಿಯುವುದು ಎಂಬುದು ಅವಳಿಗೆ ಸುಖದ ಪ್ರಶ್ನೆಯಾಗಿರಲಿಲ್ಲ. ಗೊತ್ತಿಲ್ಲದ ಊರಿನಲ್ಲಿ, ಹಡಗಿಗೆ ಹೊರಡುವ ಗಡಿಬಿಡಿಯಲ್ಲಿ, ಹೊತ್ತಿಗೆ ಸರಿಯಾಗಿ ಅತ್ತೆಯ ಪೂಜೆ ಮುಗಿದು ಹೊಟ್ಟೆಗೆ ಏನಾದರೂ ಬೀಳಬೇಕು. ಬೀಳದಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಮೈದುನ ಚನ್ನಬಸವಯ್ಯ ಅದನ್ನು ಇನ್ನೂ ಸ್ಪಷ್ಟ ಮಾಡಿದ. ಸುದ್ದಿ ತಿಳಿದು ಸಂಜೆಯೇ ಬಂದು ಜಗಲಿಯ ಮೇಲೆ ಕೂತ.

“ಅತ್ತಿಗೆ, ಅವ್ವನ್ನ ಕರ್ಕಂಡ್ ಹೋಗೋದು ಬುಡೋದು ನಿಮ್ಮಿಷ್ಟ. ಏನಾರ ಹೆಚ್ಚುಕಮ್ಮಿ ಆದ್ರೆ ಮಾತ್ರ ನಾನು ಸುಮ್ಕಿರಲ್ಲ, ಈಗ್ಲೇ ಹೇಳ್ತೀನಿ.”

ಒಳಗಿನಿಂದ ಚಿನ್ನಮ್ಮನ ದನಿ ಬಂತು. “ಏನ್ ಮಾಡ್ತೀಯೋ? ಇಲ್ಲೇ ಇದ್ರೆ ನಾನು ಸಾಯಲ್ವೇನೋ?”

“ಇಲ್ಲಾದ್ರೆ ಮಣ್ಣು ಮಾಡಕ್ಕೆ ನಮ್ ಹೊಲ ಐತೆ ಕಣವ್ವ. ಸಮುದ್ರದಾಗೆ ಎಲ್ಲಿ ಗುಂಡಿ ತೋಡಿ ಕೂರುಸ್ಲಿ ನಿನ್ನ?”

“ಮಲಗುಸ್ಬುಡು ಮಾರಾಯ. ಕೂತೂ ಕೂತೂ ಸಾಕಾಗೈತೆ.”

ಹೆಣವನ್ನು ಕೂರಿಸಿ ಹೂಳುವ ತಮ್ಮ ಪದ್ಧತಿಯ ಮೇಲಿನ ಆ ತಮಾಷೆಗೆ ತಾಯಿ ಮಗ ಇಬ್ಬರೂ ನಕ್ಕರು. ವಿಶಾಲಮ್ಮ ಕಾಫಿ ತರಲು ಎದ್ದಳು.

ಮರುದಿನದಿಂದ ಆಕೆ ಫೋನು ಹಿಡಿದು ಕೂತಳು. ಕಂಪನಿಯ ಹುಡುಗ ರಾಜೇಶ ಕೆಲವು ಹೋಟೆಲುಗಳ ಹೆಸರು ಕಳಿಸಿದ್ದ. ಒಂದು ರೈಲ್ವೆ ಸ್ಟೇಷನ್ನಿನ ಎದುರು. ಅಲ್ಲಿಂದ ಹಡಗುಕಟ್ಟೆಗೆ ಬೆಳಗಿನ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತೆಂದು ಹೇಳಲಾಗದು. ಇನ್ನೊಂದು ಬಜಾರಿನ ಒಳಗೆ, ಕೆಳಗಡೆ ಮೀನಿನ ಊಟದ ಹೋಟೆಲು. ಮತ್ತೊಂದು ಕಡಲ ದಡದ ಹಳೆಯ ಬಂಗಲೆ. ಚಿತ್ರ ಚೆನ್ನಾಗಿತ್ತು, ಆದರೆ ದೋಣಿಯಲ್ಲಿ ದಾಟಿ ಬರಬೇಕು. ದೋಣಿ ತಪ್ಪಿದರೆ? ಪ್ರತಿಯೊಂದರಲ್ಲೂ ಆಕೆಗೆ ಅತ್ತೆ ಬೀಳುವ ಒಂದು ಜಾಗ ಕಾಣುತ್ತಿತ್ತು.

ಅಷ್ಟರಲ್ಲಿ ಸಕಲೇಶಪುರದ ಯಾಕೂಬ್ ಗೊಬ್ಬರದ ಲೋಡು ತಂದ. ಹಾಸನದಿಂದ ಅವಳ ಅಂಗಡಿಗೆ ಮಾಲು ತರುವ ಲಾರಿ ಅವನದು. ಮೆಣಸು, ಶುಂಠಿ ಹೇರಿಕೊಂಡು ಕೊಚ್ಚಿಗೆ ಹೋಗಿ ಬರುವ ಅಭ್ಯಾಸವೂ ಅವನಿಗಿತ್ತು.

“ಮಟ್ಟಾಂಚೇರೀಲಿ ಒಂದು ಹಳೇ ಮನೆ ಐತೆ ಅಕ್ಕ, ಕೊಂಕಣಿಯವ್ರದ್ದು. ಮೆಣಸಿನ ಸೇಟುಗಳು ಬಂದ್ರೆ ಅಲ್ಲೇ ಇಳ್ಕಳೋದು. ಊಟ ಅಂದ್ರೆ ಬರೀ ಸಾರು, ಪಲ್ಯ, ಮಜ್ಜಿಗೆ. ನಾನಾದ್ರೆ ಎರಡನೇ ದಿನಕ್ಕೆ ಓಡಿಹೋಗ್ತೀನಿ. ನಿಮ್ಗೆ ಸರಿಹೋಯ್ತದೆ.”

“ರೂಮು ಎಂಗೈತಪ್ಪ?”

“ರೂಮು ಚೊಕ್ಕಾಗೈತೆ. ಆದ್ರೆ ಹಳೇ ಕಾಲದ್ದು. ಬಚ್ಚಲು, ಕಕ್ಕಸು ಎಲ್ಲ ಹೊರಗೆ ಹಿತ್ಲಲ್ಲಿ. ಬಾವೀಲಿ ನೀರು ಸೇದ್ಕಬೇಕು.”

“ಅಯ್ಯೋ ಬ್ಯಾಡ ಬುಡು. ಮಬ್ಬುಗತ್ತಲಲ್ಲಿ ಹಿತ್ಲಿಗೆ ಹೋಗಿ ಅತ್ತೆ ಕಾಲು ಜಾರಿದ್ರೆ?”

“ಅದೂ ಸರೀನೇ. ಹಂಗಾರೆ ಹಡಗಿನ ಪಕ್ಕದಲ್ಲೇ ದೊಡ್ಡ ಹೋಟ್ಲು ಹಿಡೀರಿ. ಕಂಪ್ನಿ ಹಡಗೇ ಕೊಡ್ತೈತೆ, ನೀವು ಒಂದು ರಾತ್ರಿಗೆ ಜಿಪುಣತನ ಮಾಡ್ಬೇಡಿ.”

ಆಕೆ ಹಾಗೇ ಮಾಡಿದಳು. ಬಂದರಿರುವ ವಿಲ್ಲಿಂಗ್ಡನ್ ದ್ವೀಪದಲ್ಲೇ, ಹಡಗುಕಟ್ಟೆಗೆ ಹತ್ತಿರದ ಒಂದು ಹೋಟೆಲಿಗೆ ಫೋನು ಮಾಡಿದಳು. ಅಲ್ಲಿಯ ಹುಡುಗಿ ಹಿಂದಿಯಲ್ಲಿ ಉತ್ತರಿಸಿದಳು. ಲಿಫ್ಟ್ ಇದೆ. ನಸುಕಿನಲ್ಲೇ ಬಿಸಿನೀರು ಬರುತ್ತದೆ. ಸಸ್ಯಾಹಾರದ ಅಡಿಗೆ ಬೇರೆ ಪಾತ್ರೆಯಲ್ಲಿ. ಹೇಳಿದರೆ ತಿಂಡಿ ಬೇಗ ಕೊಡುತ್ತೇವೆ. ನೆಲಕ್ಕೆ ಜಾರುವ ಕಲ್ಲು ಹಾಕಿಲ್ಲ. ರಾತ್ರಿಯಲ್ಲೂ ಡಾಕ್ಟರನ್ನು ಕರೆಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಬಾತ್‌ರೂಮ್ ಕೋಣೆಗೆ ಅಂಟಿಕೊಂಡೇ ಇದೆ, ಮುದುಕಿ ಎಲ್ಲಿಗೂ ಹೋಗಬೇಕಿಲ್ಲ. ವಿಶಾಲಮ್ಮ ಮೂರು ಸಲ ಫೋನು ಮಾಡಿ ಇವನ್ನೇ ಮತ್ತೆ ಮತ್ತೆ ಕೇಳಿ, ಹಣ ಕಟ್ಟಿದಳು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು ಎಂದು ನನ್ನ ಬಳಿ ಹೇಳಿದ್ದಳು.

ಹೊರಟದ್ದು ಪೂಜೆ, ರೊಟ್ಟಿ ಎಲ್ಲ ಮುಗಿದ ಮೇಲೆ. ಸಕಲೇಶಪುರದಲ್ಲಿ ಮಂಗಳೂರಿನ ಬಸ್ಸು ಹತ್ತಿದರು. ಘಾಟಿಯ ದೋಣಿಗಲ್ ದಾಟುವಾಗ ಒಂದು ಟ್ಯಾಂಕರು ಅಡ್ಡ ನಿಂತು ವಾಹನಗಳ ಸಾಲು ಬೆಳೆಯಿತು. ಮಧ್ಯಾಹ್ನದ ಊಟದ ಹೊತ್ತು ಮೀರುತ್ತದೆಂದು ವಿಶಾಲಮ್ಮ ಚಡಪಡಿಸಿದಳು. ಅವಳ ಪರ್ಸಿನಲ್ಲಿ ಸಕ್ಕರೆಯ ಪೊಟ್ಟಣಗಳಿದ್ದವು. ಪೂಜೆಯಾದ ಮೇಲೆ ಅವು ಉಪಯೋಗಕ್ಕೆ ಬಂದಾವು, ಪೂಜೆಗೆ ಮೊದಲು ಬಾರವು. ಅದು ಅವಳಿಗೆ ಗೊತ್ತಿದ್ದೂ ಹೊತ್ತು ಹೊತ್ತಿಗೆ ಅವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಮಂಗಳೂರಿನಲ್ಲಿ ದೂರದ ನೆಂಟರ ಹೆಂಚಿನ ಮನೆಯಲ್ಲಿ ಉಳಿದರು. ಅಲ್ಲಿ ಎಲ್ಲ ಸರಾಗವಾಗಿ ನಡೆಯಿತು. ಬೆಳಗಿನ ರೈಲು ಹಿಡಿದು ಸಂಜೆಯ ಬಿಸಿಲಿರುವಾಗಲೇ ಕೊಚ್ಚಿಯ ಎರ್ನಾಕುಲಂ ತಲುಪಿ, ಹೋಟೆಲಿಗೆ ಹೋದರು. ಕೋಣೆ ನಾಲ್ಕನೆಯ ಮಹಡಿಯಲ್ಲಿ. ಕಿಟಕಿಯಿಂದ ಹಡಗಿನ ಬಿಳಿಯ ಮೇಲ್ಭಾಗ ಕಾಣುತ್ತಿತ್ತು. ಚಿನ್ನಮ್ಮ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೈಕಾಲು ತೊಳೆಯಲೆಂದು ಬಾತ್‌ರೂಮಿನ ಬಾಗಿಲು ತೆಗೆದವರು ಹೊಸ್ತಿಲಲ್ಲೇ ನಿಂತರು.

“ವಿಶಾಲೂ, ಬಾ ಇಲ್ಲಿ. ಬಚ್ಚಲು ಯಾವುದೇ?”

“ಇದೇ ಅತ್ತೆ.”

“ಕಕ್ಕಸು?”

“ಅದೂ ಇದೇ.”

“ಎರಡೂ ಒಂದೇ ಕೋಣ್ಯಾಗಾ?”

“ಮಧ್ಯದಲ್ಲಿ ಗಾಜು ಐತೆ ನೋಡಿ ಅತ್ತೆ, ಮರೆ.”

“ಗಾಜಿನಾಚೆ ಕಾಣ್ತದಲ್ಲೇ. ಅದರ ಮುಂದೆ ನಿಂತು ಮೈ ತೊಳ್ಕಂಡು, ಇದೇ ನಲ್ಲಿ ನೀರು ಹಿಡಿದು ಲಿಂಗಕ್ಕೆ ಹಾಕ್ಲಾ ನಾನು?”

ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವವರ ಹಾಗೆ ಕೇಳಿದರು. ವಿಶಾಲಮ್ಮನಿಗೆ ತನ್ನ ತಪ್ಪು ಆಗ ಹೊಳೆಯಿತು. ಹೊಸಕೋಟೆಯ ಅವರ ಮನೆಯಲ್ಲಿ ಬಚ್ಚಲು ಅಡಿಗೆಮನೆಯ ಹಿಂದೆ. ಹಂಡೆ, ಒಲೆ, ಒಗೆಯುವ ಕಲ್ಲು ಎಲ್ಲ ಅಲ್ಲಿ. ಕಕ್ಕಸು ಹಿತ್ತಿಲ ಇನ್ನೊಂದು ತುದಿಯಲ್ಲಿ. ಮಂಗಳೂರಿನ ನೆಂಟರ ಮನೆಯಲ್ಲೂ ಹಾಗೇ. ಇದು ನಿಯಮವೆಂದು ಆ ಮನೆಯಲ್ಲಿ ಯಾರೂ ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ, ಹೇಳುವ ಪ್ರಮೇಯ ಬಂದಿರಲಿಲ್ಲ. ವಿಶಾಲಮ್ಮ ಹೋಟೆಲಿನವರನ್ನು ನೆಲದ ಕಲ್ಲಿನವರೆಗೆ ವಿಚಾರಿಸಿದ್ದಳು. ಅತ್ತೆಯ ಪಾಲಿಗೆ ಕೋಣೆಯನ್ನು ಕೆಡಿಸುವ ಸಂಗತಿಯನ್ನೇ ಸೌಕರ್ಯವೆಂದು ಮೊದಲು ಕೇಳಿ ಖಚಿತಪಡಿಸಿಕೊಂಡಿದ್ದಳು.

ಚಿನ್ನಮ್ಮ ಬಾಗಿಲು ಮುಚ್ಚಿ ಬಂದು ಹಾಸಿಗೆಯ ತುದಿಯಲ್ಲಿ ಕೂತರು.

“ಹೋಗ್ಲಿ ಬುಡು. ಮೂರು ನಾಕು ದಿನ ತಾನೆ. ಊರಿಗೆ ಹೋಗಿ ಪೂಜೆ ಮಾಡ್ಕಂತೀನಿ.”

“ಅಲ್ಲೀವರೆಗೂ ಉಣ್ಣಲ್ವಾ?”

“ಎಂಗೆ ಉಣ್ಣದು?”

“ಸಾಯ್ತೀರಿ ಅತ್ತೆ!”

“ಉಂಡೋರೇನು ಉಳ್ಕಂಡವ್ರಾ?”

ವಿಶಾಲಮ್ಮ ಕೆಳಗೆ ಓಡಿದಳು. ಕೌಂಟರಿನಲ್ಲಿದ್ದ ಹುಡುಗನಿಗೆ ಮೊದಲು ಅರ್ಥವಾಗಲಿಲ್ಲ. ಬಾತ್‌ರೂಮ್ ಕೆಟ್ಟಿದೆಯೇ ಎಂದ. ಇಲ್ಲ, ಚೆನ್ನಾಗಿದೆ ಎಂದಳು. ಮತ್ತೆ? ಅರ್ಥ ಮಾಡಿಸಿದ ಮೇಲೆ ಆತ ಮರ್ಯಾದೆಯಿಂದಲೇ ಈಜುಕೊಳದ ಬಳಿಗೆ ಕರೆದುಕೊಂಡು ಹೋಗಿ, ಅಲ್ಲಿ ಸ್ನಾನಕ್ಕೆ ಮಾತ್ರ ಇರುವ ಜಾಗ ತೋರಿಸಿದ. ಚಡ್ಡಿ ತೊಟ್ಟ ಇಬ್ಬರು ಗಂಡಸರು ಅಲ್ಲಿ ನೀರು ಸುರಿದುಕೊಳ್ಳುತ್ತಿದ್ದರು. ವಿಶಾಲಮ್ಮ ಕೈಮುಗಿದು ಹಿಂದಿರುಗಿ, ಯಾಕೂಬನಿಗೆ ಫೋನು ಮಾಡಿದಳು.

“ಅಕ್ಕಾ, ಬಚ್ಚಲು ಹೊರಗೆ ಅಂತ ಬೈಕೊಂಡು ಹೇಳ್ದೆ ನಾನು. ಈಗ ಅದಕ್ಕೇ ಆ ಮನೆ ಬ್ಯಾಕಾ ನಿಮ್ಗೆ?”

“ನಗಬ್ಯಾಡ ಯಾಕೂಬ್. ಬೆಳಗ್ಗೆ ಅತ್ತೆ ಬಿದ್ದೋದ್ರೆ ನಾನು ಊರಿಗೆ ಹೆಂಗೆ ಮುಖ ತೋರುಸ್ಲಿ? ಜಾಗ ಐತಾ ಕೇಳು.”

ಅವನು ನಗುವುದನ್ನು ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ತಿರುಗಿ ಫೋನು ಬಂತು. ಜಾಗ ಇದೆ, ಸುಮಿತ್ರಮ್ಮ ಎಂಬವರನ್ನು ಕೇಳಿ, ಕನ್ನಡ ಬರುತ್ತದೆ ಎಂದ. ಹೋಟೆಲಿನವರು ಕಟ್ಟಿದ ಹಣ ಹಿಂದೆ ಬರುವುದಿಲ್ಲ ಎಂದರು. ಚೌಕಾಸಿಯಲ್ಲಿ ಯಾರಿಗೂ ಬಗ್ಗದ ವಿಶಾಲಮ್ಮ ಒಂದು ಮಾತೂ ಆಡದೆ ಚೀಲಗಳನ್ನು ಆಟೋಗೆ ಹಾಕಿಸಿದಳು.

ಸೇತುವೆ ದಾಟುವಾಗ ಎಡಗಡೆ ಹಡಗು ಪೂರ್ತಿ ಕಾಣಿಸಿತು. ಸಾಲು ಸಾಲು ಕಿಟಕಿಗಳು. ಆಗ ವಿಶಾಲಮ್ಮನಿಗೆ ರಾಜೇಶ ಮೊಬೈಲಿಗೆ ಕಳಿಸಿದ್ದ ವಿಡಿಯೋ ನೆನಪಾಯಿತು. ಹಡಗಿನ ಕೋಣೆ, ಎರಡು ಹಾಸಿಗೆ, ಒಂದು ಕಿಟಕಿ, ಮೂಲೆಯಲ್ಲಿ ಒಂದು ಕಿರಿದಾದ ಬಾಗಿಲು. ಆ ಬಾಗಿಲಿನ ಹಿಂದೆ ಏನಿದೆಯೆಂದು ಈಗ ಯಾರೂ ಹೇಳಿಕೊಡಬೇಕಿರಲಿಲ್ಲ. ಬಿಡಾರ ಬದಲಾಯಿಸಿ ಒಂದು ಬೆಳಗನ್ನು ದಾಟಬಹುದು. ಹಡಗಿನ ಮೇಲಿನ ಬೆಳಗುಗಳಿಗೆ ಬಾವಿ ಎಲ್ಲಿ? ಆಕೆ ಅದನ್ನು ಅತ್ತೆಗೆ ಹೇಳಲಿಲ್ಲ. ಹೇಳಿದರೆ ರಾತ್ರಿಯ ಊಟವೂ ಇಳಿಯದೇನೋ ಎಂಬ ಭಯ.

ಮಟ್ಟಾಂಚೇರಿಯ ಮನೆ ಓಣಿಯ ಕೊನೆಯಲ್ಲಿತ್ತು. ಸುಮಿತ್ರಮ್ಮ ಮಂಗಳೂರಿನಲ್ಲಿ ಹುಟ್ಟಿ ಅಲ್ಲಿಗೆ ಮದುವೆಯಾಗಿ ಬಂದವರು. ಚಿನ್ನಮ್ಮ ಕೋಣೆಯನ್ನು ನೋಡಲೇ ಇಲ್ಲ. ನೇರ ಹಿತ್ತಿಲಿಗೆ ಹೋದರು. ಬಾವಿಯ ಪಕ್ಕದಲ್ಲಿ ಬಚ್ಚಲು, ಬಹು ದೂರದಲ್ಲಿ, ಗೋಡೆಯ ಆಚೆ, ಕಕ್ಕಸು. ಕೊಡದಿಂದ ಬೊಗಸೆ ನೀರು ತೆಗೆದು ನಾಲಿಗೆಗೆ ತಾಗಿಸಿದರು.

“ಉಪ್ಪು.”

“ಸಮುದ್ರದ ಬದಿ ಅಲ್ವಾ ಅಮ್ಮ. ನಮಗೆ ಇದೇ ಅಭ್ಯಾಸ” ಎಂದರು ಸುಮಿತ್ರಮ್ಮ.

“ಇರ್ಲಿ. ನೀರು ನೀರೇ.”

ಬೆಳಗ್ಗೆ ವಿಶಾಲಮ್ಮ ತಾನೇ ನೀರು ಸೇದಿ ಕೊಟ್ಟಳು. ಕಾಲು ಜಾರದ ಹಾಗೆ ದಾರಿಯುದ್ದಕ್ಕೂ ಗೋಣಿ ಹಾಸಿದಳು. ಚಿನ್ನಮ್ಮ ಮಿಂದು, ವಿಭೂತಿ ಇಟ್ಟುಕೊಂಡು, ಕೋಣೆಯ ಬಾಗಿಲು ಹಾಕಿಕೊಂಡರು. ವಿಶಾಲಮ್ಮ ಹೊರಗೆ ನಿಂತು ಒಳಗಿನ ಪ್ರತಿ ಸದ್ದಿಗೂ ಕಿವಿಗೊಟ್ಟಳು. ತಂಬಿಗೆ ಕೆಳಗಿಟ್ಟದ್ದು. ಮಂತ್ರದ ಗುಣುಗು. ಅದು ನಿಂತಿತು. ಅವಳು ತಳ್ಳಲೆಂದು ಬಾಗಿಲಿಗೆ ಕೈ ಹಾಕಿದಳು. ಆಮೇಲೆ ಕರಡಿಗೆ ಮುಚ್ಚಿದ ಸಣ್ಣ ಸದ್ದು, ಚಿನ್ನಮ್ಮ ಕೆಮ್ಮಿದ ಸದ್ದು. ಬಾಗಿಲು ತೆರೆಯಿತು. ಏಳಕ್ಕೆ ಇನ್ನೂ ಹೊತ್ತಿತ್ತು. ಇಡ್ಲಿ ತಿಂದು, ಮಾತ್ರೆ ನುಂಗಿ, “ಚಟ್ನಿ ಚೆನ್ನಾಗೈತೆ, ನೀ ಹಿಂಗೆ ಮಾಡಲ್ಲ” ಎಂದು ಚಿನ್ನಮ್ಮ ಸೊಸೆಗೆ ಹೇಳಿದರು.

ಇನ್ನು ತಡಮಾಡುವ ಹಾಗಿರಲಿಲ್ಲ. ಹಡಗಿಗೆ ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು.

“ಅತ್ತೆ, ಒಂದು ಮಾತು ಹೇಳ್ಬೇಕು.”

“ಹಡಗಿನಾಗೂ ಹಂಗೇ ಅಂತ ತಾನೆ?”

“ನಿಮ್ಗೆ ಯಾರು ಹೇಳಿದ್ರು?”

“ನಿನ್ನೆ ಆಟೋದಾಗೆ ನಿನ್ ಮಖ ನೋಡ್ದೆ. ಮಳೆ ಬಿದ್ದು ಮೂಟೆ ನೆಂದಾಗ ಹಿಂಗೇ ಮಾಡ್ಕಂತೀಯ.”

“ಈಗೇನ್ ಮಾಡದು?”

“ನೀನು ಹೋಗು. ನಾನಿಲ್ಲೇ ಇರ್ತೀನಿ. ಬಾವಿ ಐತೆ, ಚಟ್ನಿ ಐತೆ. ಈ ಯಮ್ಮನೂ ಅವ್ಳೆ.”

ಸುಮಿತ್ರಮ್ಮ ಕೂಡಲೇ ಒಪ್ಪಿದರು. “ನೀವು ಸುಮ್ಮನೆ ಹೋಗಿ ಮಾರಾಯ್ರೆ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಎಲ್ಲ ನಾನು ನೋಡಿಕೊಳ್ತೇನೆ. ನನ್ನ ಅತ್ತೆಯನ್ನು ಹನ್ನೆರಡು ವರ್ಷ ನೋಡಿಲ್ವಾ?”

ವಿಶಾಲಮ್ಮ ಮುಖ ತೊಳೆದು ರೇಷ್ಮೆ ಸೀರೆ ಉಟ್ಟಳು. ಹೋಗುವುದೆಂದು ಬಹುಪಾಲು ತೀರ್ಮಾನವಾಗಿತ್ತು ಎಂದು ಆಕೆಯೇ ನನಗೆ ಹೇಳಿದ್ದಾಳೆ. ಇಷ್ಟು ವರ್ಷ ಮೂಟೆ ಎಣಿಸಿದ್ದಕ್ಕೆ ಸಿಕ್ಕಿದ್ದು, ಇನ್ನೊಮ್ಮೆ ಸಿಗುವ ಖಾತರಿ ಇಲ್ಲ. ಅತ್ತೆ ಕ್ಷೇಮವಾಗಿಯೇ ಇರುತ್ತಾರೆ. ಚೀಲವನ್ನು ಬಾಗಿಲವರೆಗೆ ತಂದವಳು, ಬೀಗ ಎಳೆದು ನೋಡುವ ತನ್ನ ಹಳೆಯ ಅಭ್ಯಾಸದಂತೆ, ಒಂದು ಕೊನೆಯ ಮಾತು ಕೇಳಿದಳು.

“ಬೆಳಗ್ಗೆ ಪೂಜೆಗೆ ಕೂತಾಗ ಹೊತ್ತಾಯ್ತು ಅನ್ಸಿದ್ರೆ ಬಾಗ್ಲು ತಳ್ಳಿ ಒಳಗೆ ಹೋಗಿ ನೋಡ್ತೀರಲ್ವಾ?”

ಸುಮಿತ್ರಮ್ಮ ಗಲ್ಲ ಮುಟ್ಟಿಕೊಂಡರು. “ಶಿವ ಶಿವ! ಪೂಜೆಗೆ ಕೂತವರ ಕೋಣೆಗೆ ನಾನು ಹೇಗೆ ನುಗ್ಗುವುದು? ಅವರು ಬರುವವರೆಗೆ ಹೊರಗೆ ಕಾಯ್ತೇನೆ. ಎಷ್ಟು ಹೊತ್ತಾದರೂ ಕಾಯ್ತೇನೆ.”

ಅವರು ಒಳ್ಳೆಯ ಹೆಂಗಸು. ಆದ್ದರಿಂದಲೇ ಹಾಗೆಂದರು. ವಿಶಾಲಮ್ಮ ಚೀಲವನ್ನು ಎತ್ತಿಕೊಂಡು ಕೋಣೆಗೆ ಹಿಂದಿರುಗಿ, ಅದನ್ನು ಮಂಚದ ಕೆಳಗೆ ತಳ್ಳಿದಳು.

“ಏನಾಯ್ತೇ?” ಚಿನ್ನಮ್ಮ ಕೇಳಿದರು.

“ನಾನೂ ಹೋಗಲ್ಲ.”

“ನಿಂಗೇನು ಹುಚ್ಚಾ? ನಿನ್ನ ಲಿಂಗಕ್ಕೆ ಯಾವ್ ನೀರಾದ್ರೂ ನಡೀತದೆ.”

“ನಡೀತದೆ. ಆದ್ರೂ ಹೋಗಲ್ಲ.”

“ನನ್ ತಲೆ ಮ್ಯಾಲೆ ಹಾಕ್ಬೇಡ ಮತ್ತೆ. ನಾನು ಹೋಗು ಅಂದಿವ್ನಿ.”

“ಹಾಕಲ್ಲ ಸುಮ್ನಿರಿ.”

ರಾಜೇಶನ ಫೋನು ಬಂತು. ಹಿಂದೆ ಗದ್ದಲ, ಗಂಡಸರ ನಗು.

“ಮೇಡಂ, ಎಲ್ಲಿದ್ದೀರಾ? ಎಲ್ಲ ಡೀಲರ್ಸೂ ಬಂದ್ರು. ಚೆಕಿಂಗ್ ಶುರುವಾಗಿದೆ.”

“ನಾವು ಬರಲ್ಲ ರಾಜೇಶ್.”

“ಅಯ್ಯೋ, ಹಂಗಂದ್ರೆ ಹೆಂಗೆ ಮೇಡಂ! ಈಗ ಟಿಕೆಟ್ಟು ಬೇರೆಯವ್ರಿಗೆ ಕೊಡಕ್ಕೂ ಆಗಲ್ಲ. ಮುಂದಿನ ವರ್ಷಕ್ಕೆ ಸೇರ್ಸೋದೂ ಇಲ್ಲ. ಹುಷಾರಿಲ್ವಾ?”

“ಹುಷಾರಾಗೇ ಇದೀವಿ.”

“ಮತ್ತೆ ಆಫೀಸಿಗೆ ಏನು ಕಾರಣ ಹೇಳ್ಲಿ?”

ವಿಶಾಲಮ್ಮ ಯೋಚಿಸಿದಳು. “ಬಚ್ಚಲು ಸರಿಯಿರ್ಲಿಲ್ಲ ಅಂತ ಹೇಳಪ್ಪ.”

ಆ ಹುಡುಗ ಏನು ತಿಳಿದುಕೊಂಡನೋ, ಮತ್ತೆ ಫೋನು ಮಾಡಲಿಲ್ಲ.

ಸಂಜೆ ಹಡಗು ಫೋರ್ಟ್ ಕೊಚ್ಚಿಯ ದಡದ ಪಕ್ಕದಲ್ಲೇ ಹಾದು ಸಮುದ್ರಕ್ಕೆ ಹೋಗುತ್ತದೆ, ಬೇಕಾದರೆ ಹೋಗಿ ನೋಡಿ ಎಂದು ಸುಮಿತ್ರಮ್ಮ ಹೇಳಿದರು. ಆಟೋ ಮಾಡಿಕೊಂಡು ಇಬ್ಬರೂ ಹೋದರು. ದಡದ ಕಲ್ಲುಬೆಂಚಿನ ಮೇಲೆ ಕೂತರು. ದಡದಲ್ಲಿ ಎತ್ತಿ ಕಟ್ಟಿದ ಮೀನಿನ ಬಲೆಗಳ ಹಿಂದಿನಿಂದ ಹಡಗು ಸದ್ದಿಲ್ಲದೆ ಬಂತು. ನೋಡನೋಡುತ್ತ ಆಚೆ ದಡವನ್ನೇ ಮರೆಮಾಡಿತು. ಮೇಲಿನ ಅಂಚಿನಲ್ಲಿ ನಿಂತ ಜನ ಕೈಬೀಸುತ್ತಿದ್ದರು. ಅವರಲ್ಲಿ ಸಕಲೇಶಪುರದ ಅಂಗಡಿಯವರೂ ಇದ್ದಿರಬೇಕು, ಗುರುತು ಹಿಡಿಯುವಷ್ಟು ಹತ್ತಿರವಿರಲಿಲ್ಲ. ಚಿನ್ನಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಹಡಗನ್ನು ಮೂತಿಯಿಂದ ಬಾಲದವರೆಗೆ ನೋಡಿದರು.

“ಅಷ್ಟು ದೊಡ್ಡದು ಕಟ್ಟವ್ರೆ. ಒಂದು ಬಚ್ಚಲು ಬ್ಯಾರೆ ಕಟ್ಟಕ್ಕೆ ಏನಾಗಿತ್ತು ಇವ್ರಿಗೆ?”

ವಿಶಾಲಮ್ಮನಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು, ಒರೆಸಿಕೊಂಡಳು.

“ಬೇಜಾರಾ?”

“ಹೂಂ.”

“ಆಗ್ಲಿ. ಆಗೋದೇ.” ಹಡಗು ಬಂದರಿನ ಬಾಯಿ ದಾಟಿ ತೆರೆದ ಸಮುದ್ರಕ್ಕೆ ತಿರುಗುವುದನ್ನು ಚಿನ್ನಮ್ಮ ನೋಡಿದರು. “ಇನ್ನೊಂದು ವರ್ಷ ಇನ್ನಷ್ಟು ಮೂಟೆ ಮಾರು. ಒಬ್ಳೇ ಹೋಗಿ ಬಾ. ಭೂಮಿ ಕಾಣ್ತದೋ ಇಲ್ವೋ ನೋಡ್ಕಂಡ್ ಬಂದು ಹೇಳು.”

“ಆಗ ನಿಮ್ಮನ್ನ ಯಾರು ನೋಡ್ಕಳದು?”

“ನಾನು ಇದ್ರೆ ತಾನೆ.”

ವಿಶಾಲಮ್ಮ ಬೆಂಚಿನಿಂದ ಎದ್ದಳು. ಗಡಿಯಾರ ನೋಡಿಕೊಂಡಳು. ರಾತ್ರಿಯ ಮಾತ್ರೆಗೆ ಮೊದಲು ಅತ್ತೆಗೆ ಏನಾದರೂ ತಿನ್ನಿಸಬೇಕಿತ್ತು. ತೋಳು ಹಿಡಿದು ಅವರನ್ನು ಎಬ್ಬಿಸಿ, ಆಟೋ ಹುಡುಕಲು ರಸ್ತೆಯ ಕಡೆ ಹೊರಟಳು.